ಹುಳ ಮುಟ್ಟಿದ ಮೇಲೆ

ನಾಲ್ಕು ಹಾವುಗಳ ವಿಷ, ಕುದುರೆಯ ರಕ್ತ, ನೂರಮೂವತ್ತು ವರ್ಷಗಳ ವಿದ್ಯೆ. ಈ ಮೂರೂ ಕೂಡಿ ಆದ ಒಂದು ಚಿಟಿಕೆ ಬಿಳಿಯ ಪುಡಿ ನಮ್ಮ ತಾಲ್ಲೂಕು ಆಸ್ಪತ್ರೆಯ ಬೀರುವಿನಲ್ಲಿದೆ. ಆದರೂ ಈ ದೇಶದಲ್ಲಿ ಹಾವು ಕಚ್ಚಿ ವರ್ಷಕ್ಕೆ ಅರ್ಧ ಲಕ್ಷಕ್ಕೂ ಮಿಕ್ಕ ಜನ ಸಾಯುತ್ತಾರೆ. ತೊಡಕು ಇರುವುದು ಎರಡು ಕಡೆ: ಮದ್ದು ತಲುಪುವ ಹೊತ್ತಿನಲ್ಲಿ, ಮದ್ದು ಹುಟ್ಟಿದ ಊರಿನಲ್ಲಿ.

ಮುಂಗಾರು ನೆಲೆಯೂರಿ, ಗದ್ದೆಗಳಲ್ಲಿ ನಾಟಿಯ ಕೆಲಸ ಭರದಿಂದ ಸಾಗಿರುವ ದಿನಗಳಲ್ಲಿ, ಸಂಜೆಯ ಹೊತ್ತು ಯಾವುದಾದರೊಂದು ತಾಲ್ಲೂಕು ಆಸ್ಪತ್ರೆಯ ತುರ್ತು ಚಿಕಿತ್ಸೆಯ ಕೊಠಡಿಯಲ್ಲಿ ನಿಂತವನಿಗೆ ತಪ್ಪದೆ ಕಾಣಸಿಗುವ ದೃಶ್ಯವೊಂದುಂಟು.

ಗೂಡ್ಸ್ ಆಟೋದ ಹಿಂಬದಿಯಲ್ಲಿ ಚಾಪೆಯ ಮೇಲೆ ಮಲಗಿಸಿ ಕರೆತಂದ ಹೆಂಗಸು. ಮೊಣಕಾಲಿನವರೆಗೆ ಮೆತ್ತಿದ ಕೆಸರು ಇನ್ನೂ ಒಣಗಿಲ್ಲ. ಹಿಮ್ಮಡಿಯ ಮೇಲುಗಡೆ ಎರಡು ಸಣ್ಣ ಗಾಯ, ಅವುಗಳ ಸುತ್ತ ನೋಡನೋಡುತ್ತಿರುವಂತೆಯೇ ಏರುತ್ತಿರುವ ಬಾವು. ಮೊಣಕಾಲಿನ ಕೆಳಗೆ ಟವೆಲ್ಲಿನಿಂದ ಬಿಗಿದ ಕಟ್ಟು. "ಹುಳ ಮುಟ್ಟಿತು ಸಾರ್" ಎಂದಷ್ಟೇ ಗಂಡನ ಮಾತು. ಹಾವೆಂಬ ಹೆಸರನ್ನು ಅಂಥ ಹೊತ್ತಿನಲ್ಲಿ ನಮ್ಮ ಹಳ್ಳಿಗರು ನಾಲಗೆಗೆ ತಾರರು.

"ಬುಸುಗುಟ್ಟಿತೇನಮ್ಮಾ?" ಎಂದು ಡಾಕ್ಟರು ಕೇಳುತ್ತಾರೆ. "ಹ್ಞೂಂ ಸ್ವಾಮಿ, ಕುಕ್ಕರ್ ಕೂಗಿದ ಹಂಗೆ" ಎಂದು ಉತ್ತರ ಬರುತ್ತದೆ. ಕೊಳಕುಮಂಡಲವಿರಬೇಕೆಂದು ಅಷ್ಟರಿಂದಲೇ ಊಹಿಸಬಹುದಾದರೂ, ಊಹೆಯನ್ನು ನೆಚ್ಚಿ ಮದ್ದು ಕೊಡುವಂತಿಲ್ಲ. ತೋಳಿನ ರಕ್ತನಾಳದಿಂದ ೨ ಮಿಲಿಲೀಟರಿನಷ್ಟು ರಕ್ತವನ್ನು ತೆಗೆದು, ಹೊಸ ಗಾಜಿನ ನಳಿಕೆಯೊಂದಕ್ಕೆ ಬಿಟ್ಟು, ಅದನ್ನು ಅಲುಗದಂತೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಗಡಿಯಾರ ನೋಡಿ, ಹೊತ್ತನ್ನು ಕೇಸ್ ಶೀಟಿನಲ್ಲಿ ಗುರುತು ಹಾಕುತ್ತಾರೆ. ಇನ್ನು ೨೦ ನಿಮಿಷ ಆ ನಳಿಕೆಯನ್ನು ಯಾರೂ ಮುಟ್ಟಕೂಡದು. ಪ್ಲಾಸ್ಟಿಕ್ಕಿನ ನಳಿಕೆ ಆಗದು. ಸೋಪಿನ ಪುಡಿಯಲ್ಲಿ ತೊಳೆದ ಗಾಜೂ ಆಗದು, ಏಕೆಂದರೆ ರಕ್ತವನ್ನು ಹೆಪ್ಪುಗಟ್ಟಲು ಪ್ರಚೋದಿಸುವುದು ಶುದ್ಧವಾದ ಗಾಜಿನ ಮೈಯೇ.

ಇಪ್ಪತ್ತು ನಿಮಿಷ ಕಳೆದ ಮೇಲೆ ಡಾಕ್ಟರು ನಳಿಕೆಯನ್ನು ಒಮ್ಮೆ ಓರೆ ಮಾಡುತ್ತಾರೆ. ಆರೋಗ್ಯವಂತರ ರಕ್ತವಾಗಿದ್ದರೆ ಅಷ್ಟು ಹೊತ್ತಿಗೆ ಗಟ್ಟಿಯಾಗಿ ತಳದಲ್ಲಿ ಕುಳಿತಿರಬೇಕಾಗಿತ್ತು. ಇದು ನಳಿಕೆಯ ಅಂಚಿನವರೆಗೂ ಹರಿಯಿತು. "ಸಿಸ್ಟರ್, ಹತ್ತು ವಯಲ್ ಎಎಸ್‌ವಿ ತೆಗೀರಿ." ಎಎಸ್‌ವಿ ಎಂದರೆ ಹಾವಿನ ಪ್ರತಿವಿಷ, ಬೀರುವಿನಲ್ಲಿದ್ದ ಆ ಬಿಳಿಯ ಪುಡಿ.

ಕೋಟಿಗಟ್ಟಲೆ ರೂಪಾಯಿಯ ಯಂತ್ರಗಳ ಈ ಕಾಲದಲ್ಲಿ, ಒಂದು ಜೀವದ ನಿರ್ಣಯವು ಇಷ್ಟು ಸರಳವಾದ, ಯಾವ ಹಳ್ಳಿಯ ಆಸ್ಪತ್ರೆಗೂ ಎಟುಕುವಂಥ ಪರೀಕ್ಷೆಯ ಮೇಲೆ ನಿಂತಿದೆಯೆಂಬುದು ನನಗೆ ವೈದ್ಯಶಾಸ್ತ್ರದ ಸೊಗಸುಗಳಲ್ಲೊಂದಾಗಿ ತೋರುತ್ತದೆ. ಕೊಳಕುಮಂಡಲದ ವಿಷವು ರಕ್ತವನ್ನು ಹೆಪ್ಪುಗಟ್ಟಿಸತಕ್ಕ ದ್ರವ್ಯಗಳನ್ನೆಲ್ಲ ಒಮ್ಮೆಗೇ ಕೆರಳಿಸಿ, ದುಂದುಗೈದು, ಬರಿದುಮಾಡಿಬಿಡುತ್ತದೆ. ಆ ಬಳಿಕ ಒಸಡಿನಿಂದ, ಮೂತ್ರದಿಂದ, ಚುಚ್ಚಿದ ಸೂಜಿಯ ತೂತಿನಿಂದ ರಕ್ತ ಒಸರತೊಡಗಿದರೆ ನಿಲ್ಲಿಸುವವರಾರೂ ಇಲ್ಲ.

ಹುತ್ತಕ್ಕೆ ಹಾಲೆರೆಯುವ ಪಂಚಮಿಯ ಋತುವೇ ಹಾವಿನ ಕಡಿತದ ಋತುವೂ ಆಗಿರುವುದು ಆಕಸ್ಮಿಕವಲ್ಲ. ಮಳೆನೀರು ಬಿಲಗಳಿಗೆ ನುಗ್ಗಿ ಹಾವುಗಳು ಹೊರಬೀಳುವುದೂ, ಕಪ್ಪೆ ಇಲಿಗಳು ಹೆಚ್ಚುವುದೂ, ಬರಿಗಾಲಿನ ಜನ ಹೊಲಕ್ಕಿಳಿಯುವುದೂ ಏಕಕಾಲಕ್ಕೆ ನಡೆಯುತ್ತವೆ. ೨೦೦೦ದಿಂದ ೨೦೧೯ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು ೧೨ ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ ೫೮,೦೦೦ ಮಂದಿ, ಹಾವಿನ ವಿಷದಿಂದ ಸತ್ತರೆಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಕಟ್ಟಿತು. ಅವರಲ್ಲಿ ಅರ್ಧದಷ್ಟು ಜನ ಸತ್ತದ್ದು ಜೂನಿನಿಂದ ಸೆಪ್ಟೆಂಬರಿನೊಳಗೆ; ಬಹುಪಾಲು ಜನ ಹಳ್ಳಿಗಳಲ್ಲಿ, ಆಸ್ಪತ್ರೆಯ ಮೆಟ್ಟಿಲು ಹತ್ತುವ ಮೊದಲೇ.

ಸೈಗಾನಿನ ಪೀಪಾಯಿ

ಹಾವಿನ ವಿಷಕ್ಕೆ ಪರಿಹಾರವನ್ನು ಅರಸಿದವರು ಹಿಂದೆಯೂ ಇದ್ದರು. ಕಲ್ಕತ್ತೆಯಲ್ಲಿದ್ದ ಜೋಸೆಫ್ ಫೇರರ್ ಎಂಬ ಆಂಗ್ಲ ವೈದ್ಯನು ನಾಡಿನ ಹಾವುಗಳನ್ನೂ ಅವುಗಳ ವಿಷವನ್ನೂ ಕುರಿತು ೧೮೭೨ರಲ್ಲಿ ಒಂದು ಬೃಹದ್ಗ್ರಂಥವನ್ನೇ ಹೊರತಂದನು. ಆ ಕಾಲದಲ್ಲಿ ಹೆಸರಾಗಿದ್ದ ಮದ್ದುಗಳನ್ನು ಒಂದೊಂದಾಗಿ ಪರೀಕ್ಷಿಸಿ ನೋಡಿ, ಯಾವುದೂ ನಾಟದೆಂದು ಕೈಚೆಲ್ಲಿದನು.

ದಾರಿ ತೆರೆದದ್ದು ಇಂದಿನ ವಿಯೆಟ್ನಾಮಿನಲ್ಲಿ. ೧೮೯೧ರಲ್ಲಿ ಲೂಯಿ ಪಾಶ್ಚರನ ಸೂಚನೆಯಂತೆ ಸೈಗಾನಿಗೆ ಬಂದು ಪ್ರಯೋಗಾಲಯವೊಂದನ್ನು ತೆರೆದಿದ್ದ ತರುಣ ಫ್ರೆಂಚ್ ವೈದ್ಯ ಆಲ್ಬರ್ ಕಾಲ್ಮೆತನ ಬಳಿಗೆ ಒಂದು ದಿನ ಜೀವಂತ ನಾಗರಹಾವುಗಳಿದ್ದ ಪೀಪಾಯಿಯೊಂದು ಬಂದಿತು. ಬಾಕ್ ಲ್ಯೂ ಸೀಮೆಯ ಹಳ್ಳಿಯೊಂದಕ್ಕೆ ನೆರೆ ನುಗ್ಗಿದಾಗ ಗುಡಿಸಲುಗಳನ್ನು ಹೊಕ್ಕ ಆ ಹಾವುಗಳು ನಲವತ್ತು ಮಂದಿಯನ್ನು ಕಚ್ಚಿದ್ದವು, ಅವರಲ್ಲಿ ನಾಲ್ವರು ಸತ್ತಿದ್ದರು.

ಗಂಟಲಮಾರಿಗೆ ಕುದುರೆಯ ರಕ್ತಸಾರದಿಂದ ಮದ್ದು ತಯಾರಿಸುವ ವಿದ್ಯೆ ಯೂರೋಪಿನಲ್ಲಿ ಆಗತಾನೇ ಕಣ್ಣು ಬಿಡುತ್ತಿತ್ತು. ಅದೇ ನ್ಯಾಯವು ಹಾವಿನ ವಿಷಕ್ಕೂ ಏಕೆ ಅನ್ವಯಿಸಕೂಡದೆಂಬ ಜಿಜ್ಞಾಸೆಯಿಂದ, ಪ್ರಾಣಿಗಳಿಗೆ ಅತ್ಯಲ್ಪ ಪ್ರಮಾಣದಲ್ಲಿ ವಿಷವನ್ನು ಚುಚ್ಚಿ, ದಿನಗಳೆದಂತೆ ಪ್ರಮಾಣವನ್ನು ಏರಿಸಿ, ಆ ಪ್ರಾಣಿಯ ರಕ್ತದಲ್ಲಿ ಮೂಡಿದ ಪ್ರತಿರೋಧವನ್ನು ಮತ್ತೊಂದು ಪ್ರಾಣಿಗೆ ವರ್ಗಾಯಿಸಬಹುದೆಂದು ಆತನು ೧೮೯೪ರಲ್ಲಿ ತೋರಿಸಿಕೊಟ್ಟನು. ಅದೇ ವರ್ಷ, ಪ್ಯಾರಿಸಿನಲ್ಲಿ, ಫಿಸಾಲಿಕ್ಸ್ ಮತ್ತು ಬರ್ತ್ರಾನ್ ಎಂಬಿಬ್ಬರು ಯೂರೋಪಿನ ಮಂಡಲದ ಹಾವಿನ ವಿಷದಿಂದ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದಿದ್ದರು. ನಮ್ಮ ಹಸುಗೂಸುಗಳ ತೋಳಿಗೆ ಹಾಕುವ ಬಿ.ಸಿ.ಜಿ. ಲಸಿಕೆಯ ನಡುವಣ ಅಕ್ಷರವೂ ಈ ಕಾಲ್ಮೆತನ ಹೆಸರೇ.

ಗೆಲುವಿನ ಹುಮ್ಮಸ್ಸಿನಲ್ಲಿ ಕಾಲ್ಮೆತನು ಒಂದು ಹೆಜ್ಜೆ ಮುಂದಕ್ಕೇ ಹೋಗಿ, ನಾಗರದ ವಿಷದಿಂದಾದ ತನ್ನ ಮದ್ದು ಎಲ್ಲ ಹಾವುಗಳಿಗೂ ಸಲ್ಲುವುದೆಂದು ಸಾರಿದನು. ಮುಂಬಯಿಯ ಪರೇಲಿನಲ್ಲಿ, ಮುಂದೆ ಹಾಫ್ಕಿನ್ ಸಂಸ್ಥೆಯೆಂದು ಹೆಸರಾದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಲ್ಯಾಂಬ್, ಆ ಮದ್ದು ಕೊಳಕುಮಂಡಲದ ವಿಷದ ಮುಂದೆ ನಿಲ್ಲಲಾರದೆಂದು ಕಂಡನು. ಬ್ರೆಜಿಲಿನಲ್ಲಿ ವಿಟಾಲ್ ಬ್ರಾಜಿಲ್ ಎಂಬ ವೈದ್ಯನು ತನ್ನ ನಾಡಿನ ಬೇರೆ ಹಾವುಗಳಲ್ಲಿ ಇದನ್ನೇ ಸಾಬೀತುಪಡಿಸಿದನು. ಯಾವ ಹಾವಿನ ವಿಷವೋ ಅದರಿಂದಾದ ಮದ್ದೇ ಅದಕ್ಕೆ: ಈ ಸೂತ್ರವು ಅಂದಿಗೇ ಸ್ಥಿರವಾಯಿತು. ಅದರ ಪೂರ್ಣಾರ್ಥವನ್ನು ನಾವು ಇನ್ನೂ ಜೀರ್ಣಿಸಿಕೊಳ್ಳುತ್ತಿದ್ದೇವೆ.

> ಕೊಲ್ಲುವ ವಿಷ, ಕಾಯುವ ವಿಷ
> ರಕ್ತವನ್ನು ಕೆಡಿಸುವ ಕೊಳಕುಮಂಡಲದ ವಿಷವನ್ನೇ ಬಹಳ ತೆಳುವಾಗಿಸಿ ಗಾಯದ ಮೇಲೆ ಹಚ್ಚಿದರೆ ರಕ್ತಸ್ರಾವ ನಿಲ್ಲುತ್ತದೆಂದು ೧೯೩೪ರಲ್ಲಿ ಲಂಡನ್ನಿನ ಆರ್. ಜಿ. ಮ್ಯಾಕ್‌ಫರ್ಲೇನ್ ಕಂಡುಕೊಂಡರು, ಕುಸುಮರೋಗಿಗಳಿಗೆ ಅದು ಕೆಲಕಾಲ ಔಷಧವಾಗಿ ಬಳಕೆಯಾಯಿತು. ರಕ್ತ ಹೆಪ್ಪುಗಟ್ಟುವಿಕೆಯ ಕೆಲವು ದೋಷಗಳನ್ನು ಪತ್ತೆಹಚ್ಚಲು ಪ್ರಯೋಗಾಲಯಗಳು ಇಂದಿಗೂ ಈ ವಿಷವನ್ನು ಕೊಳ್ಳುತ್ತವೆ.

ಇರುಳರ ಗಡಿಗೆಗಳು

ಭಾರತದಲ್ಲಿ ತಯಾರಾಗುವ ಪ್ರತಿವಿಷವೆಲ್ಲ ನಾಲ್ಕು ಹಾವುಗಳಿಗೆ ಒಂದೇ ಮದ್ದೆಂಬ ಕ್ರಮದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಈ ನಾಲ್ಕರ ವಿಷವೂ ಬಹುಮಟ್ಟಿಗೆ ಬರುವುದು ಒಂದೇ ತಾಣದಿಂದ: ತಮಿಳುನಾಡಿನ ಮಾಮಲ್ಲಪುರಕ್ಕೆ ಸಮೀಪದ ವಡನೆಮ್ಮೇಲಿಯಲ್ಲಿರುವ ಇರುಳರ ಸಹಕಾರ ಸಂಘದಿಂದ.

ಇರುಳರು ತಲೆತಲಾಂತರದಿಂದ ಹಾವು ಹಿಡಿಯುವುದರಲ್ಲಿ ನಿಸ್ಸೀಮರಾದ ಜನ. ಹಾವಿನ ಚರ್ಮದ ವ್ಯಾಪಾರವೇ ಅವರ ಜೀವನೋಪಾಯವಾಗಿದ್ದ ಕಾಲದಲ್ಲಿ, ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನೂ ಅದರ ಬೆನ್ನಿಗೆ ಬಂದ ಚರ್ಮ ರಫ್ತಿನ ನಿಷೇಧವೂ ಅವರ ಅನ್ನಕ್ಕೆ ಕಲ್ಲು ಹಾಕಿದವು. ಆಗ ಉರಗತಜ್ಞ ರೋಮುಲಸ್ ವಿಟೇಕರರ ನೆರವಿನಿಂದ ೧೯೭೮ರಲ್ಲಿ ಅವರದೇ ಸಂಘವೊಂದು ಹುಟ್ಟಿತು. ಕೊಲ್ಲುವ ಬದಲು ವಿಷ ತೆಗೆದು ಕಾಡಿಗೆ ಬಿಡುವುದು ಅದರ ಕಸುಬಾಯಿತು. ಇದೇ ವಿಟೇಕರರು ೨೦೦೫ರಲ್ಲಿ ನಮ್ಮ ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದವರು.

ಆ ಸಂಘದಲ್ಲಿ ಹಾವುಗಳಿರುವುದು ಮಣ್ಣಿನ ಗಡಿಗೆಗಳಲ್ಲಿ. ತಳದಲ್ಲಿ ಮರಳು, ಬಾಯಿಗೆ ದಾರದಿಂದ ಬಿಗಿದ ಬಟ್ಟೆ. ವಿಷ ತೆಗೆಯುವವನು ಬರಿಗೈಯಲ್ಲಿ ಬಟ್ಟೆಯನ್ನು ಬಿಚ್ಚಿ, ಕೊಕ್ಕೆಯಿಂದ ಹಾವನ್ನು ನೆಲಕ್ಕಿಳಿಸಿ, ಅದರ ತಲೆಯನ್ನು ಕೋಲಿನಿಂದ ಮೃದುವಾಗಿ ಅದುಮಿ, ದವಡೆಯ ಹಿಂದೆ ಎರಡು ಬೆರಳುಗಳ ನಡುವೆ ಹಿಡಿದೆತ್ತಿ, ತೆಳುಪೊರೆ ಬಿಗಿದ ಗಾಜಿನ ಪಾತ್ರೆಯ ಅಂಚನ್ನು ಕಚ್ಚಿಸುತ್ತಾನೆ. ಹಲ್ಲು ಪೊರೆಯನ್ನು ತೂರಿದೊಡನೆ ಗಾಜಿನ ಒಳಮೈಯಲ್ಲಿ ಕೆಲವು ಹನಿಗಳು ಇಳಿಯುತ್ತವೆ. ಅಷ್ಟೇ. ಹೊಟ್ಟೆಯ ಹುರುಪೆಯೊಂದನ್ನು ಕತ್ತರಿಸಿ ಗುರುತು ಮಾಡಿದ ಹಾವಿನಿಂದ ವಾರಕ್ಕೊಮ್ಮೆಯಂತೆ ನಾಲ್ಕು ಸಲ ವಿಷ ತೆಗೆದು ಮರಳಿ ಬಿಡುತ್ತಾರೆ. ಅದೇ ಹಾವು ಬೇಗನೆ ಮತ್ತೆ ಸಿಕ್ಕಿದರೆ ಗುರುತು ನೋಡಿ ಕೈಬಿಡುತ್ತಾರೆ. ಹಿಡಿಯಬಹುದಾದ ಹಾವುಗಳ ಸಂಖ್ಯೆಯನ್ನು ಸರ್ಕಾರವೇ ಗೊತ್ತುಪಡಿಸುತ್ತದೆ. ಈ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸದೈಯನ್ ಅವರಿಗೆ ೨೦೨೩ರಲ್ಲಿ ಪದ್ಮಶ್ರೀ ಸಂದಿತು. ತಡವಾಗಿಯಾದರೂ ಸಂದಿತಲ್ಲ!

ಒಣಗಿಸಿದ ಆ ವಿಷವು ಔಷಧ ಕಂಪನಿಗಳ ಕುದುರೆಲಾಯಗಳಿಗೆ ಹೋಗುತ್ತದೆ. ಕುದುರೆಗೆ ತಿಂಗಳುಗಟ್ಟಲೆ ಕಿಂಚಿತ್ ಪ್ರಮಾಣದಲ್ಲಿ ವಿಷ ಚುಚ್ಚಿ, ಅದರ ರಕ್ತದಲ್ಲಿ ಪ್ರತಿಕಾಯಗಳು ಬೇಕಾದಷ್ಟು ಮೂಡಿದ ಮೇಲೆ ರಕ್ತವನ್ನು ತೆಗೆದು, ಪ್ಲಾಸ್ಮಾವನ್ನು ಬೇರ್ಪಡಿಸಿಕೊಂಡು, ಕೆಂಪುಕಣಗಳನ್ನು ಮರಳಿ ಕುದುರೆಗೇ ಏರಿಸುವುದುಂಟು. ಪ್ಲಾಸ್ಮಾದಲ್ಲಿನ ಪ್ರತಿಕಾಯಗಳನ್ನು ಪೆಪ್ಸಿನ್ನಿನಿಂದ ತುಂಡರಿಸಿ, ಶುದ್ಧಿಮಾಡಿ, ಹೆಪ್ಪುಗಟ್ಟಿಸಿ ಒಣಗಿಸಿದರೆ ಸೀಸೆಯ ತಳದಲ್ಲಿ ಉಳಿಯುವುದೇ ಆ ಬಿಳಿಯ ಪುಡಿ. ಪುಡಿಯ ರೂಪದ ಈ ಮದ್ದಿಗೆ ಫ್ರಿಜ್ಜಿನ ಹಂಗಿಲ್ಲ. ಆದುದರಿಂದ ಕರೆಂಟು ನಿಲ್ಲದ ಊರುಗಳಲ್ಲಿ ಮಾತ್ರ ಇದನ್ನು ಇಡಬಹುದೆಂಬ ನೆಪವೂ ಸಲ್ಲದು.

ಹತ್ತರ ಲೆಕ್ಕ

ನಮ್ಮ ಆಸ್ಪತ್ರೆಯ ಕೊಠಡಿಗೆ ಮರಳೋಣ. ಸಿಸ್ಟರು ಪ್ರತಿ ಸೀಸೆಗೂ ೧೦ ಮಿಲಿಲೀಟರು ನೀರು ಸೇರಿಸಿ, ಅದನ್ನು ಕುಲುಕದೆ, ಎರಡು ಅಂಗೈಗಳ ನಡುವೆ ಮೆಲ್ಲನೆ ಉರುಳಿಸುತ್ತಿದ್ದಾರೆ. ಕುಲುಕಿದರೆ ನೊರೆಯೆದ್ದು ಮದ್ದು ಕೆಡುತ್ತದೆ. ಹತ್ತು ಸೀಸೆ ಕರಗುವಷ್ಟರಲ್ಲಿ ಹೊರಗೆ ಕುಳಿತ ನೆಂಟರ ತಾಳ್ಮೆಯೂ ಕರಗಿರುತ್ತದೆ.

ಹತ್ತೇ ಏಕೆ? ಕೊಳಕುಮಂಡಲವು ಒಂದು ಕಡಿತಕ್ಕೆ ಸರಾಸರಿ ೬೩ ಮಿಲಿಗ್ರಾಮಿನಷ್ಟು ವಿಷವನ್ನು ಬಿಡುತ್ತದೆ. ಪ್ರತಿವಿಷದ ಒಂದು ಮಿಲಿಲೀಟರು ಅದರಲ್ಲಿ ೦.೬ ಮಿಲಿಗ್ರಾಮನ್ನು ತಟಸ್ಥಗೊಳಿಸಬಲ್ಲುದು. ಹತ್ತು ಸೀಸೆಯೆಂದರೆ ನೂರು ಮಿಲಿಲೀಟರು, ಅಂದರೆ ೬೦ ಮಿಲಿಗ್ರಾಮಿಗೆ ಸಾಟಿ. ಇದು ಆರಂಭದ ಪ್ರಮಾಣ ಮಾತ್ರ. ಆರು ಗಂಟೆಯ ಬಳಿಕ ಗಾಜಿನ ನಳಿಕೆಯನ್ನು ಮತ್ತೆ ನಿಲ್ಲಿಸಿ, ರಕ್ತ ಇನ್ನೂ ಹರಿಯುತ್ತಿದ್ದರೆ ಮತ್ತಷ್ಟು ಕೊಡುತ್ತಾರೆ. ಮಕ್ಕಳಿಗೂ ಇದೇ ಪ್ರಮಾಣ, ಎಳೆಯದೆಂದು ಹಾವು ರಿಯಾಯಿತಿ ತೋರಿಸದು.

ಕುದುರೆಯ ಪ್ರೋಟೀನು ಮನುಷ್ಯನ ಮೈಗೆ ಪರಕೀಯ. ಕೆಲವರಿಗೆ ತುರಿಕೆ, ನಡುಕ, ಉಸಿರುಗಟ್ಟುವಿಕೆ, ರಕ್ತದೊತ್ತಡದ ಕುಸಿತ ಆಗುವುದುಂಟು. ಅದಕ್ಕೆಂದೇ ಅಡ್ರಿನಲಿನ್ನನ್ನು ಸಿರಿಂಜಿಗೆ ತುಂಬಿ ಪಕ್ಕದಲ್ಲೇ ಇಟ್ಟುಕೊಂಡಿರುತ್ತಾರೆ. ಈ ಭಯವೇ ಅನೇಕ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರ ಕೈಕಟ್ಟುತ್ತದೆ. ಬೀರುವಿನಲ್ಲಿ ಮದ್ದಿದ್ದರೂ "ಜಿಲ್ಲಾಸ್ಪತ್ರೆಗೆ ಕರೆದೊಯ್ಯಿರಿ" ಎಂಬ ಚೀಟಿ ಬರೆದುಕೊಡುವುದರಿಂದ ವೈದ್ಯನ ತಲೆ ಉಳಿಯುತ್ತದೆ, ರೋಗಿಯ ಎರಡು ಗಂಟೆ ಹೋಗುತ್ತದೆ. ಮೊದಲ ಪ್ರಮಾಣವನ್ನು ಅಲ್ಲಿಯೇ ಏರಿಸಿ ಆಮೇಲೆ ಕಳುಹಿಸಬೇಕೆಂಬುದು ಚಿಕಿತ್ಸೆಯ ಅಧಿಕೃತ ಕ್ರಮ. ಅದನ್ನು ನಡೆಸುವ ವೈದ್ಯನಿಗೆ, ಅನಾಹುತವಾದಾಗ, ಬೆನ್ನಿಗೆ ನಿಲ್ಲುವವರು ಯಾರೆಂಬುದನ್ನೂ ಇಲಾಖೆಯು ಯೋಚಿಸದೆ, ವೈದ್ಯರನ್ನಷ್ಟೇ ದೂರುವುದು ನ್ಯಾಯವಾಗಲಾರದು.

> ಮಾಡತಕ್ಕದ್ದು, ಬಿಡತಕ್ಕದ್ದು
> ಕಚ್ಚಿದ ಕೈಕಾಲನ್ನು ಮೂಳೆ ಮುರಿದಾಗ ಮಾಡುವಂತೆ ಪಟ್ಟಿಕಟ್ಟಿ ಅಲುಗದಂತಿರಿಸಿ, ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ, ರೋಗಿಯನ್ನು ನಡೆಸಬೇಡಿ, ೧೦೮ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನ ಹತ್ತಿ.
> ಹಗ್ಗದಿಂದ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಸೊಪ್ಪು ಅರೆದು ಹಚ್ಚುವುದು ಬೇಡ. ಬಿಗಿದ ಕಟ್ಟು ಈಗಾಗಲೇ ಇದ್ದರೆ ದಾರಿಯಲ್ಲಿ ಥಟ್ಟನೆ ಬಿಚ್ಚದೆ ಆಸ್ಪತ್ರೆಯಲ್ಲಿ ವೈದ್ಯರ ಎದುರಿನಲ್ಲಿ ಬಿಚ್ಚಿಸಿ.

ನಸುಕಿನ ಹೊಟ್ಟೆನೋವು

ಹೊತ್ತಿನ ಬೆಲೆಯನ್ನು ಕಟ್ಟುಹಾವಿನಷ್ಟು ಕಠೋರವಾಗಿ ಕಲಿಸುವ ಹಾವು ಬೇರೊಂದಿಲ್ಲ. ಕೆಲವೆಡೆ ಕಡಂಬಳವೆಂದೂ ಹೆಸರಾದ, ಕರಿಯ ಮೈಮೇಲೆ ಬಿಳಿಯ ಪಟ್ಟೆಗಳುಳ್ಳ ಈ ಹಾವು ರಾತ್ರಿಯ ಸಂಚಾರಿ. ನೆಲದ ಮೇಲೆ ಮಲಗಿದವರ ಹಾಸಿಗೆಗೆ ಬಂದು, ಮಗ್ಗುಲು ಬದಲಿಸುವಾಗ ಕಚ್ಚುತ್ತದೆ. ನೋವಿಲ್ಲ, ಬಾವಿಲ್ಲ, ಅನೇಕ ವೇಳೆ ಗುರುತೂ ಇಲ್ಲ.

ನಸುಕಿನಲ್ಲಿ ಎದ್ದವನಿಗೆ ಹೊಟ್ಟೆನೋವು. ಗ್ಯಾಸೆಂದು ಸೋಡಾ ಕುಡಿಸುತ್ತಾರೆ. ಆಮೇಲೆ ರೆಪ್ಪೆಗಳು ಜೋತುಬೀಳುತ್ತವೆ, ಮಾತು ತೊದಲುತ್ತದೆ, ಎಂಜಲು ನುಂಗಲಾಗದು, ಕತ್ತು ನಿಲ್ಲದು. ಕಡೆಗೆ ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ಕಣ್ಣಿನ ಪಾಪೆಯೂ ಬೆಳಕಿಗೆ ಸ್ಪಂದಿಸದ ಈ ಸ್ಥಿತಿಯಲ್ಲಿ ರೋಗಿಯನ್ನು ಸತ್ತನೆಂದೇ ತಿಳಿಯುವ ಅಪಾಯವುಂಟು. ಆದರೆ ಆತನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರಬಹುದು. ಸುತ್ತ ನಿಂತು ಅಂತ್ಯಕ್ರಿಯೆಯ ಮಾತಾಡುವವರು ಇದನ್ನು ನೆನಪಿಡುವುದು ಒಳಿತು.

ಈ ವಿಷವು ನರದ ತುದಿಗಳನ್ನೇ ಹಾಳುಗೆಡಹುವುದರಿಂದ, ಒಮ್ಮೆ ಆದ ಹಾನಿಯನ್ನು ಪ್ರತಿವಿಷವು ಹಿಂದಿರುಗಿಸಲಾರದು. ರಕ್ತದಲ್ಲಿ ಇನ್ನೂ ಅಲೆಯುತ್ತಿರುವ ವಿಷವನ್ನು ಮಾತ್ರ ಕಟ್ಟಿಹಾಕಬಲ್ಲುದು. ನಾಗರದ ಕಡಿತದಲ್ಲಾದರೆ ನಿಯೋಸ್ಟಿಗ್ಮಿನ್ ಎಂಬ ಚುಚ್ಚುಮದ್ದು ಸೋತ ಸ್ನಾಯುಗಳನ್ನು ಎಚ್ಚರಿಸುವುದುಂಟು. ಇಲ್ಲಿ ಅದೂ ಅಷ್ಟಾಗಿ ನಡೆಯದು. ನರದ ತುದಿಗಳು ತಾವಾಗಿಯೇ ಚಿಗುರುವವರೆಗೆ, ಕೆಲವು ದಿನಗಳ ಕಾಲ, ರೋಗಿಯ ಉಸಿರನ್ನು ಇತರರು ಆಡಬೇಕು. ವೆಂಟಿಲೇಟರ್ ಇಲ್ಲದೆಡೆ ರಬ್ಬರಿನ ಆಂಬು ಚೀಲವನ್ನು ಅಣ್ಣ, ತಮ್ಮ, ಬಾವಮೈದುನರು ಸರದಿಯಂತೆ ಗಂಟೆಗಟ್ಟಲೆ ಒತ್ತುತ್ತ ದೊಡ್ಡಾಸ್ಪತ್ರೆಗೆ ತಲುಪಿಸಿ ಜೀವ ಉಳಿಸಿಕೊಂಡದ್ದುಂಟು. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿದ್ದರೆ ಈ ಪಾಡು ಬಹುಶಃ ಬರುತ್ತಲೇ ಇರಲಿಲ್ಲ.

ಊರಿಗೊಂದು ವಿಷ

ಮೊದಲ ತೊಡಕು ಹೊತ್ತಿನದಾದರೆ ಎರಡನೆಯದು ಊರಿನದು. ಚೆಂಗಲ್‌ಪಟ್ಟು ಸೀಮೆಯ ನಾಗರಹಾವಿನ ವಿಷವೂ ರಾಜಸ್ಥಾನದ ನಾಗರಹಾವಿನ ವಿಷವೂ ಹೆಸರಿಗೆ ಒಂದೇ ಹಾವಿನದಾದರೂ, ಬೇಟೆ, ಹವೆ, ನೆಲಗಳಿಗೆ ತಕ್ಕಂತೆ ಅವುಗಳ ಸಂಯೋಜನೆ ಬೇರೆಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ವಿಷವಿಜ್ಞಾನ ಪ್ರಯೋಗಾಲಯವು ೨೦೧೯ರಿಂದೀಚೆಗೆ ಪ್ರಕಟಿಸಿದ ಅಧ್ಯಯನಗಳು ಈ ಅಂತರವನ್ನು ಸ್ಫುಟವಾಗಿ ತೋರಿಸಿವೆ. ವಾಯವ್ಯದ ಸಿಂಧ್ ಕಟ್ಟುಹಾವು, ಪೂರ್ವ ಮತ್ತು ಈಶಾನ್ಯ ಭಾರತದಲ್ಲಿ ಹೆಡೆಯ ಮೇಲೆ ಒಂದೇ ಉಂಗುರವುಳ್ಳ ನಾಗರ, ಇಂಥವುಗಳ ಮುಂದೆ ಮಾರುಕಟ್ಟೆಯ ಪ್ರತಿವಿಷವು ಸಾಕಷ್ಟು ನಿಲ್ಲಲಾರದೆಂಬುದು ಈ ಅಧ್ಯಯನಗಳ ಸಾರ. ಲ್ಯಾಂಬನು ನೂರಿಪ್ಪತ್ತು ವರ್ಷಗಳ ಹಿಂದೆ ಪರೇಲಿನಲ್ಲಿ ಕಂಡ ಸತ್ಯವೇ ಇದು, ಹಾವಿನಿಂದ ಹಾವಿಗೆ ಎಂದಿದ್ದದ್ದು ಸೀಮೆಯಿಂದ ಸೀಮೆಗೆ ಎಂದಾಗಿದೆ.

ಇದೇ ಸಂಸ್ಥೆಯವರು ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾಲಯದವರೊಡನೆ ಸೇರಿ, ನಾಗರ, ಕಟ್ಟುಹಾವು, ಕಾಳಿಂಗಗಳ ವಿಷದಲ್ಲಿ ಸಮಾನವಾಗಿರುವ ಒಂದು ಬಗೆಯ ನರವಿಷವನ್ನು ತಡೆಯಬಲ್ಲ ಮಾನವ ಪ್ರತಿಕಾಯವೊಂದನ್ನು ಪ್ರಯೋಗಶಾಲೆಯಲ್ಲಿಯೇ ರೂಪಿಸಿ, ೨೦೨೪ರಲ್ಲಿ ಪ್ರಕಟಿಸಿದರು. ಇಲಿಗಳು ಬದುಕಿವೆ. ಮನುಷ್ಯರ ಸರದಿ ಬರುವವರೆಗೆ ಕುದುರೆಯೇ ಗತಿ.

ಸರ್ಕಾರಗಳೂ ಸುಮ್ಮನೆ ಕುಳಿತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ೨೦೧೭ರಲ್ಲಿ ಹಾವಿನ ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಕರ್ನಾಟಕವು ೨೦೨೪ರ ಫೆಬ್ರವರಿಯಲ್ಲಿ, ಇತರ ರಾಜ್ಯಗಳಿಗಿಂತ ಮುಂಚಿತವಾಗಿ, ಪ್ರತಿಯೊಂದು ಕಡಿತವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ವಿಧಿಸಿತು. ಮರುತಿಂಗಳೇ ಕೇಂದ್ರ ಸರ್ಕಾರವು ೨೦೩೦ರೊಳಗೆ ಸಾವುಗಳನ್ನು ಅರ್ಧಕ್ಕಿಳಿಸುವ ರಾಷ್ಟ್ರೀಯ ಯೋಜನೆಯನ್ನು ಘೋಷಿಸಿತು. ಎಲ್ಲಿ, ಯಾವಾಗ, ಯಾವ ಹಾವು ಎಂಬ ಲೆಕ್ಕವೇ ಇಲ್ಲದ ನಾಡಿನಲ್ಲಿ ಎಷ್ಟು ಸೀಸೆ ಎಲ್ಲಿಗೆ ಬೇಕೆಂಬುದನ್ನು ಗೊತ್ತುಮಾಡುವುದಾದರೂ ಹೇಗೆ?

ಈ ಲೆಕ್ಕದ ಅಗತ್ಯವು ಎದ್ದುಕಾಣುವುದು ನಮ್ಮ ಮಲೆನಾಡಿನಲ್ಲಿ. ಪಶ್ಚಿಮಘಟ್ಟದ ಕಾಫಿ, ಅಡಕೆ ತೋಟಗಳ ತರಗೆಲೆಗಳ ನಡುವೆ ತರಗೆಲೆಯ ಬಣ್ಣವನ್ನೇ ಹೊತ್ತು ಮಲಗಿರುವ, ಮೂಗು ಮೇಲಕ್ಕೆ ಗೂನಾದ ಒಂದು ಸಣ್ಣ ಗುಳಿಮಂಡಲವಿದೆ. ಅದರ ಕಡಿತದಿಂದ ರಕ್ತ ಹೆಪ್ಪುಗಟ್ಟದಿರುವುದೂ ಮೂತ್ರಪಿಂಡ ಸೋಲುವುದೂ ಉಂಟು. ಅದಕ್ಕೆಂದು ಈ ದೇಶದಲ್ಲಿ ಮದ್ದೇ ತಯಾರಾಗಿಲ್ಲ. ಅದನ್ನು ಗರಗಸ ಮಂಡಲವೆಂದೋ ಕೊಳಕುಮಂಡಲದ ಮರಿಯೆಂದೋ ತಪ್ಪಾಗಿ ತಿಳಿದು ಸೀಸೆಯ ಮೇಲೆ ಸೀಸೆ ಏರಿಸಿದರೆ, ರೋಗಿಗೆ ಸಿಗುವುದು ಕುದುರೆಯ ಪ್ರೋಟೀನಿನ ಅಪಾಯವೊಂದೇ. ಆತನಿಗೆ ಬೇಕಾದದ್ದು ಡಯಾಲಿಸಿಸ್ಸು, ವಿಶ್ರಾಂತಿ, ಕಾವಲು. ಆದುದರಿಂದ, ಕಚ್ಚಿದ ಹಾವು ಯಾವುದೆಂದು ತಿಳಿಯುವುದು ಮುಖ್ಯ. ಆದರೆ ಅದಕ್ಕಾಗಿ ಹಾವನ್ನು ಹೊಡೆದು ಚೀಲದಲ್ಲಿ ತರುವ ಸಾಹಸಕ್ಕೆ ಯಾರೂ ಕೈಹಾಕಬೇಕಾಗಿಲ್ಲ, ಸತ್ತ ಹಾವಿನ ತಲೆಯೂ ಕಚ್ಚಬಲ್ಲುದು. ದೂರದಲ್ಲಿ ನಿಂತು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುತಂದರೆ ಸಾಕು.